ಮಾದೇವಿಯ ಸೆರಗಿನ ಗಂಟು

ಗಂಗೆಯ ದಂಡೆಯಿಂದ ರಾಮೇಶ್ವರದವರೆಗೆ ಹುಡುಕಿದರೆ ಅಮೃತಶಿಲೆ ಹಾಸಿದ ಮಠಗಳಿಗೇನೂ ಕೊರತೆಯಿಲ್ಲ. ಹಾಲಗುಂಡಿಯ ಮಠದ ನೆಲಕ್ಕೆ ಮಾತ್ರ ಇಂದಿಗೂ ಸಗಣಿಯೇ ಗತಿ. ಆ ನೆಲದ ಮೇಲೆ ಪೂಜ್ಯ ನೀಲಗಂಗಮ್ಮನವರು ನಲವತ್ತು ವರ್ಷ ಕೂತು ಕೌದಿ ಹೊಲಿದರು. ಅವರು ಪ್ರವಚನ ಹೇಳಿದವರಲ್ಲ, ಪಲ್ಲಕ್ಕಿ ಏರಿದವರಲ್ಲ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ಹೊಲಿಗೆ ಹಾಕುತ್ತ ಹೋಗುವುದೇ ಅವರ ಪೂಜೆ, ಅದೇ ಜಪ. ಸುತ್ತಲಿನ ಜನ ಅವರನ್ನು ಅವ್ವನವರು ಎಂದು ಕರೆದರು. ಎಪ್ಪತ್ತು ದಾಟಿದ ಮೇಲೆ ಅವರ ಕಣ್ಣಿಗೆ ಪೊರೆ ಬಂತು. ಬೆರಳಿಗೆ ಬರಲಿಲ್ಲ.

ಆ ಸೀಮೆಯ ಹತ್ತೂರುಗಳಲ್ಲಿ ಒಂದು ರೂಢಿಯಿತ್ತು. ಮದುಮಗಳು ಗಂಡನ ಮನೆಗೆ ಬರುವಾಗ ಅವ್ವನವರು ಮೊದಲ ಹೊಲಿಗೆ ಹಾಕಿಕೊಟ್ಟ ಕೌದಿ ತರಬೇಕು. ತರದಿದ್ದರೆ ಬೀಗರು ಹೊಸ್ತಿಲಾಚೆಯೇ ನಿಲ್ಲಿಸಿ ಮುಖ ತಿರುಗಿಸುತ್ತಿದ್ದರು. ಅವ್ವನವರ ಕಡೆಯಿಂದ ಅದಕ್ಕೆ ಒಂದೇ ನಿಯಮ. ಕೌದಿಯ ಒಳಪದರಕ್ಕೆ ಹುಡುಗಿಯೇ ಉಟ್ಟು ಸವೆಸಿದ ಐದು ಸೀರೆ ಬೇಕು. ಸವೆಯದ ಬಟ್ಟೆಗೆ ಸೂಜಿ ಇಳಿಯುವುದಿಲ್ಲ ಎಂದಷ್ಟೇ ಅವರು ಹೇಳುತ್ತಿದ್ದರು. ಸೀರೆ ಉಡುವ ವಯಸ್ಸು ಬಂದು, ಒಂದಲ್ಲ ಐದು ಸೀರೆ ಮೈಮೇಲೆ ಮೆತ್ತಗಾಗಬೇಕಾದರೆ ಎಷ್ಟು ವರ್ಷ ಬೇಕೆಂದು ಲೆಕ್ಕ ಹಾಕಿದವರು ಕಡಿಮೆ. ಮದುವೆಗೆ ಹದಿನೆಂಟು ತುಂಬಿರಬೇಕೆಂಬ ಭಿತ್ತಿಪತ್ರವನ್ನು ಪಂಚಾಯಿತಿ ಗೋಡೆಗೆ ಅಂಟಿಸಿದ್ದರು, ಎಮ್ಮೆಗಳು ಮೈ ತಿಕ್ಕಿ ತಿಕ್ಕಿ ಅದನ್ನು ಉದುರಿಸಿದ್ದವು. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ವರ್ಷ ತಿದ್ದಿಕೊಡುವ ಜಾಣರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಸವೆದ ಸೀರೆಯನ್ನು ಹುಟ್ಟಿಸಿಕೊಡುವ ಜೆರಾಕ್ಸ್ ಅಂಗಡಿ ಮಾತ್ರ ಎಲ್ಲಿಯೂ ಇರಲಿಲ್ಲ.

ಹಾಗೆಂದು ಯಾರೂ ಮೋಸ ಮಾಡಲಿಲ್ಲವೆಂದಲ್ಲ. ಮಾಡಿದವರಲ್ಲಿ ಒಬ್ಬಾಕೆ ಹೊಳೆವ್ವ. ಈ ಪ್ರಸಂಗವನ್ನು ಆಕೆಯೇ ತನ್ನ ಬಾಯಿಂದ, ಕೇಳಿದವರಿಗೂ ಕೇಳದವರಿಗೂ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದಾಳೆ.

ಹೊಳೆವ್ವನ ಮಗ, ಸೊಸೆ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಅವರ ಇಬ್ಬರು ಹೆಣ್ಣುಮಕ್ಕಳು ಅಜ್ಜಿಯ ಕೈಯಲ್ಲಿ ಬೆಳೆದರು. ದೊಡ್ಡಾಕೆ ಮಾದೇವಿಯನ್ನು ಹದಿನೈದಕ್ಕೇ ಪಕ್ಕದ ಊರಿನ ಸಂಗನಬಸುವಿಗೆ ಕೊಟ್ಟಳು ಹೊಳೆವ್ವ. ಹದಿನೇಳಕ್ಕೆ ಮಾದೇವಿ ಬಸುರಾದಳು. ಹೆರಿಗೆಯ ದಿನ ರಕ್ತ ನಿಲ್ಲಲಿಲ್ಲ. ಪಟ್ಟಣದ ಕಡೆ ಹೊರಟ ಜೀಪು ಅರ್ಧ ದಾರಿಯಲ್ಲಿ ತಿರುಗಿ ಊರಿಗೇ ಬಂತು. ಉಳಿದದ್ದು ಗಂಡುಕೂಸು.

ಎಂಟು ತಿಂಗಳು ಕಳೆದ ಮೇಲೆ ಸಂಗನಬಸುವಿನ ತಾಯಿ ಶಂಕ್ರವ್ವ ಬಂದು ಕೂತಳು. "ನಿನ್ನ ಸಣ್ಣ ಮೊಮ್ಮಗಳನ್ನ ಕೊಡು. ಕೂಸಿಗೆ ಚಿಕ್ಕವ್ವನೇ ತಾಯಿ ಆಗಲಿ. ಇಲ್ಲಂದ್ರ ಹೊರಗಿನಾಕಿ ಬರ್ತಾಳ. ಮಲತಾಯಿ ಕೈ ಹೆಂಗಿರತೈತಿ ಅಂತ ನಾ ನಿನಗ ಹೇಳಬೇಕೇನು?"

ಸಣ್ಣಾಕೆ ಕಸ್ತೂರಿಗೆ ಹದಿಮೂರು ವರ್ಷ, ಎಂಟನೆಯ ತರಗತಿ. ಹೊಳೆವ್ವ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಹೂಂ ಅಂದಳು. ಸತ್ತವಳ ಕೂಸು ಬೇರೆಯವಳ ಕಾಲಡಿ ಹೊರಳುವುದನ್ನು ಆಕೆಯ ಮನಸ್ಸು ಒಪ್ಪಲಿಲ್ಲ. ಎಳೆಯ ಹೆಣ್ಣುಮಕ್ಕಳನ್ನು ಮದುವೆ ಮಾಡಿಕೊಡುವವರು ಕಟುಕರೇ ಇರುತ್ತಾರೆಂದು ಪಟ್ಟಣದಲ್ಲಿ ಕೂತು ಮಾತಾಡುವವರು ತಿಳಿದಿದ್ದಾರೆ. ಬಹಳ ಸಲ ಅಲ್ಲಿರುವುದು ಪ್ರೀತಿಯೇ, ಅದೇ ಹೆಚ್ಚು ಅಂಜಿಸುವ ಸಂಗತಿ.

ಇನ್ನು ಕೌದಿಯ ಮಾತು. ಮಾದೇವಿಯ ಮದುವೆಗೆ ಹೊಳೆವ್ವ ಸೊಸೆಯ ಹಳೆಯ ಸೀರೆಗಳನ್ನು ಒಯ್ದು, ಹುಡುಗಿಯವೇ ಎಂದು ಹೇಳಿ ಕೌದಿ ಹೊಲಿಸಿಕೊಂಡಿದ್ದಳು. ಆಗ ನಡೆದುಹೋಗಿತ್ತು. ಈಗ ಮನೆಯಲ್ಲಿ ಹಾಗೆ ಸವೆದ ಸೀರೆಗಳು ಉಳಿದಿರಲಿಲ್ಲ, ಒಂದು ಟ್ರಂಕಿನಲ್ಲಿ ಮಾತ್ರ ಇದ್ದವು. ಮಾದೇವಿ ತೀರಿಕೊಂಡ ಮೇಲೆ ಗಂಡನ ಮನೆಯಿಂದ ಮರಳಿ ಬಂದ ಟ್ರಂಕು ಅದು. ಅವಳ ಐದು ಸೀರೆಗಳನ್ನು ಬಿಡಿಸಿ ನೋಡುವ ಎದೆ ಹೊಳೆವ್ವನಿಗೆ ಇರಲಿಲ್ಲ. ಮಡಿಕೆ ಹಾಗೆಯೇ ಇರುವಂತೆ ಎತ್ತಿ ಅಗಸರ ಮನೆಗೆ ಕೊಟ್ಟಳು. ಅವರು ಕುದಿಸಿ, ಒಣಗಿಸಿ, ಮತ್ತೆ ಮಡಿಸಿ ಕೊಟ್ಟರು. ಆಕೆ ಮುಖ ಆಚೆ ತಿರುಗಿಸಿಕೊಂಡೇ ಗಂಟು ಕಟ್ಟಿದಳು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಗಂಡಿನವರ ಟ್ರ್ಯಾಕ್ಟರ್ ಮಠದ ಮುಂದೆ ನಿಂತಿತು. ಕೌದಿಗೆ ಮೊದಲ ಹೊಲಿಗೆ ಬಿದ್ದ ಕೂಡಲೇ ಹುಡುಗಿಯನ್ನು ಅಲ್ಲಿಂದಲೇ ಕರೆದೊಯ್ದು ಅರಿಷಿಣ ಹಚ್ಚುವುದೆಂದು ಮಾತಾಗಿತ್ತು. ಶಂಕ್ರವ್ವ ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತಳು. ಸಂಗನಬಸು ಟ್ರ್ಯಾಕ್ಟರಿನ ಮಗ್ಗುಲಲ್ಲಿ ನೆಲ ನೋಡುತ್ತ ನಿಂತ. ಹೊಳೆವ್ವ ಗಂಟು ಹೊತ್ತು ಒಳಗೆ ಬಂದಳು. ಅವಳ ಹಿಂದೆ, ಗಂಡಿನವರು ಜೊತೆಗೆ ತಂದ ಕೂಸನ್ನು ಸೊಂಟಕ್ಕೇರಿಸಿಕೊಂಡು ಕಸ್ತೂರಿ. ಅಂದು ಮೊದಲ ಸಲ ಉಟ್ಟ ಸೀರೆ ಅವಳ ನಡುವಿನ ಸುತ್ತ ಹಗ್ಗದ ಹಾಗೆ ಸುತ್ತಿಕೊಂಡಿತ್ತು. ಎರಡೂ ಅಂಗೈ ತುಂಬ ಮದರಂಗಿ.

ಅವ್ವನವರು ಕೈ ಚಾಚಿದರು. ಹೊಳೆವ್ವ ಗಂಟನ್ನು ಅವರ ತೊಡೆಯ ಮೇಲಿಟ್ಟಳು.

"ಯಾರ ಸೀರಿ ಇವು?"

"ನಮ್ಮ ಕಸ್ತೂರಿವು ರೀ ಅವ್ವಾರ. ಕುಂತಲ್ಲಿ ಕೂರಂಗಿಲ್ಲ ಹುಡುಗಿ. ಉಟ್ಟು ಉಟ್ಟು ಹರಿದು ಹಾಳು ಮಾಡ್ಯಾಳ."

ಅವ್ವನವರು ಮೊದಲ ಸೀರೆಯ ಮಡಿಕೆ ಬಿಚ್ಚಿ ಬೆರಳಾಡಿಸಿದರು. ಎರಡನೆಯದನ್ನೂ ಹಾಗೆಯೇ ನೋಡಿದರು. ಅವರು ಬಟ್ಟೆಯ ಮೇಲೆ ಬೆರಳಿಡುವ ರೀತಿ ವೈದ್ಯರು ನಾಡಿ ಹಿಡಿದ ಹಾಗೆ ಇರುತ್ತಿತ್ತೆಂದು ಕಂಡವರು ಹೇಳುತ್ತಾರೆ.

"ಮೊಣಕಾಲಿನ ಮಗ್ಗಲ ಸವದೈತಿ."

"ನೆಲ ಸಾರಸ್ತಾಳ್ರಿ. ಕೆಲಸಗೇಡಿ ಅಲ್ಲ ನಮ್ಮ ಹುಡುಗಿ" ಎಂದು ಹೊಳೆವ್ವ ನಗಲು ನೋಡಿದಳು.

ಹೊರಗಿನಿಂದ ಶಂಕ್ರವ್ವನ ದನಿ ಬಂತು. "ಏ ಹೊಳೆವ್ವ, ಒಂದು ಹೊಲಿಗಿ ಹಾಕಾಕ ಎಷ್ಟು ಹೊತ್ತು? ಹೊಲಿಗಿ ಹಾಕ್ತೀರೋ, ಹೊಸದಾಗಿ ಸೀರಿ ನೇಯಾಕ ಕುಂತೀರೋ?"

ಅವ್ವನವರು ಮೂರನೆಯ ಸೀರೆಯನ್ನು ಎತ್ತಿಟ್ಟು ನಾಲ್ಕನೆಯದರ ಸೆರಗನ್ನು ಹಿಡಿದರು. ತುದಿಯವರೆಗೆ ಹೋದ ಬೆರಳು ಅಲ್ಲಿಯೇ ನಿಂತಿತು. ಸೆರಗಿನ ಮೂಲೆಯಲ್ಲಿ ಹುಣಸೆಬೀಜದಷ್ಟು ದೊಡ್ಡ ಗಂಟು. ಕುದಿನೀರು ಕುಡಿದು, ಬಿಸಿಲಿಗೆ ಒಣಗಿ ಕಲ್ಲಾಗಿತ್ತು.

ಈ ಗಂಟಿನ ವಿಷಯ ಆ ಸೀಮೆಯ ಹೆಂಗಸರೆಲ್ಲ ಬಲ್ಲರು. ಏಳು ತಿಂಗಳ ಬಸುರಿಯರು ಮಠಕ್ಕೆ ಬಂದಾಗ ಅವ್ವನವರು ಅವರ ಸೆರಗಿನ ತುದಿಯಲ್ಲಿ ಚಿಟಿಕೆ ವಿಭೂತಿಯಿಟ್ಟು ತಮ್ಮ ಕೈಯಿಂದಲೇ ಗಂಟು ಹಾಕುತ್ತಿದ್ದರು. ಹೆತ್ತ ಮೇಲೆ ಕೂಸು ಆ ಸೆರಗಿನಲ್ಲಿ ಮೊದಲ ನಿದ್ದೆ ಮಾಡಿದ ದಿನ ತಾಯಿಯೇ ಅದನ್ನು ಬಿಚ್ಚಬೇಕು. ಮದುವೆಯಾಗದ ಹುಡುಗಿಯ ಸೀರೆಯಲ್ಲಿ ಆ ಗಂಟು ಇರಲು ಸಾಧ್ಯವಿಲ್ಲ. ಬದುಕಿ ಬಂದ ಬಾಣಂತಿಯ ಸೀರೆಯಲ್ಲಿ ಅದು ಉಳಿಯಲೂ ಸಾಧ್ಯವಿಲ್ಲ.

ಹೊಳೆವ್ವ ಅದನ್ನು ಕಂಡಳು.

ಅವ್ವನವರು ಮುಖ ಎತ್ತಲಿಲ್ಲ. "ಕಸ್ತೂರಿ, ಇಲ್ಲಿ ಬಾ ಅವ್ವಾ."

ಹುಡುಗಿ ಕೂಸಿನೊಡನೆ ಮುಂದೆ ಬಂದಳು. ಅಜ್ಜಿ ಕಣ್ಣಲ್ಲೇ ಅವಳನ್ನು ತಡೆಯಲು ನೋಡಿದಳು.

"ನಾಳಿನ ಮದುವಿಗೆ ನಿನಗೇನರ ಅಂಜಿಕಿ ಐತೇನು?"

ಕಸ್ತೂರಿ ಬಹಳ ಹೊತ್ತು ಕೂಸಿನ ಅಂಗಿಯ ಗುಂಡಿ ಹಿಡಿದು ತಿರುವಿದಳು. ಆಮೇಲೆ, ಏನೋ ಸಣ್ಣ ಸಂಗತಿ ಹೇಳುವವಳ ಹಾಗೆ ಹೇಳಿದಳು. "ಅಕ್ಕನ ಖೋಲಿ ರೀ. ಅದರಾಗ ಮಲಗಬೇಕಲ್ಲ, ಅದೊಂದೇ."

"ಏ, ಬಾಯಿ ಮುಚ್ಚು!" ಎಂದು ಹೊಳೆವ್ವ ಹಾರಿಬಿದ್ದಳು. ಅಲ್ಲಿಂದಾಚೆ ಮಾತು ತಡೆಯಲಾಗಲಿಲ್ಲ. "ಏನಾತ್ರಿ ಅವ್ವಾರ ಈಗ? ನನ್ನ ಒಂಬತ್ತನೇ ವರ್ಷಕ್ಕ ಕೊಟ್ಟರು. ನಾ ಸತ್ತೇನೇನು? ನಿಮ್ಮ ಕಣ್ಣ ಮುಂದ ಗಟ್ಟಿಮುಟ್ಟಾಗಿ ನಿಂತಿಲ್ಲೇನು?"

"ನೀ ಸಾಯಲಿಲ್ಲ" ಎಂದರು ಅವ್ವನವರು. "ಎಷ್ಟು ಕೂಸು ಹೂತಿ?"

ಈ ಲೆಕ್ಕವನ್ನು ಹೊಳೆವ್ವನ ಗಂಡ ಎಂದೂ ಕೇಳಿರಲಿಲ್ಲ, ಮಗನೂ ಕೇಳಿರಲಿಲ್ಲ. ಆಕೆಯೇ ಬಾಯಿ ಬಿಟ್ಟು ಹೇಳಿರಲಿಲ್ಲ.

"ನಾಕು."

"ನನಗ ಐದು ಕಾಣಸ್ತಾವ" ಎಂದ ಅವ್ವನವರು ಮಾದೇವಿಯ ಸೆರಗಿನ ಮೂಲೆಯನ್ನು ಎತ್ತಿ ಆಕೆಯ ಅಂಗೈಯಲ್ಲಿಟ್ಟರು. "ಬಿಚ್ಚು."

ಹೊಳೆವ್ವ ಉಗುರು ಹಾಕಿದಳು. ಗಂಟು ಸಡಿಲಾಗಲಿಲ್ಲ. ಹಲ್ಲು ಹಚ್ಚಿದಳು. ಬಾಯಿಗೆ ಸೀರೆಯ ವಾಸನೆ ಬಂತು. ಕುದಿಸಿದರೂ ಹೋಗದ, ಕೊಬ್ಬರಿ ಎಣ್ಣೆಯ, ಮೊಮ್ಮಗಳ ತಲೆಯ ವಾಸನೆ. ಹಾಗೆಯೇ ಕುಸಿದು ಕೂತಳು. ಇನ್ನು ಬೈಗುಳ ಬೀಳುತ್ತದೆ, ಶಾಪ ಬೀಳುತ್ತದೆ, ಬೀಳಲಿ ಎಂದು ತಲೆ ತಗ್ಗಿಸಿದಳು. ಬಂದದ್ದೇ ಬೇರೆ.

"ಹೋದ ಸಲ ನೀ ತಂದದ್ದು ಮಾದೇವಿ ಸೀರಿ ಅಲ್ಲ, ನಿನ್ನ ಸೊಸಿ ಸೀರಿ. ನನಗ ಅವತ್ತೇ ಗೊತ್ತಾಗಿತ್ತು ಹೊಳೆವ್ವ."

ಹೊಳೆವ್ವ ಮುಖ ಎತ್ತಿದಳು. ಅವ್ವನವರ ಪೊರೆಗಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಅವರು ಕೈ ಎತ್ತಲಿಲ್ಲ.

"ಬೀಗರು ಬಂದು ಕುಂತಾರ, ಅಡಗಿ ಆಗೈತಿ, ಈಗ ಏನಂತ ಹೇಳೂದು ಅಂತ ಸುಮ್ಮನಾದೆ. ಹೊಲಿಗಿ ಹಾಕಿದ್ದು ನನ್ನ ಕೈ. ಆಮ್ಯಾಲ ಈ ಗಂಟು ಹಾಕಿದ್ದೂ ಇದೇ ಕೈ. ಮಾದೇವಿನ್ನ ನೀ ಒಬ್ಬಾಕೀನೇ ಕಳಿಸಲಿಲ್ಲ."

ಹತ್ತೂರು ಜನ ಕಾಲಿಗೆ ಬೀಳುವ ಆ ತಾಯಿ ಇಷ್ಟು ಹೇಳಿ, ಮುಂದೆ ಬಾಗಿ, ಹಣೆಯನ್ನು ಆ ಸೀರೆಗೆ ಮುಟ್ಟಿಸಿದರು. ಪವಾಡಗಳ ಕಥೆಗಳು ಎಲ್ಲ ಕ್ಷೇತ್ರಗಳಲ್ಲೂ ಸಿಗುತ್ತವೆ. ತಪ್ಪೊಪ್ಪಿಕೊಂಡ ಗುರುವಿನ ಕಥೆ ಸಿಗುವುದು ಬಲು ಅಪರೂಪ.

ಹೊಳೆವ್ವನಿಗೆ ಜಗಳಕ್ಕೆ ಯಾರೂ ಉಳಿಯಲಿಲ್ಲ. ಒಂದೇ ಒಂದು ಪ್ರಶ್ನೆ ಉಳಿಯಿತು. ಅದನ್ನು ಆಕೆ ಬೇಡುವವಳ ಹಾಗೆ ಕೇಳಿದಳು. "ಹಂಗಾರ ಈ ಕೂಸು, ಅವ್ವಾರ? ನಾ ಇಲ್ಲ ಅಂದ್ರ ಶಂಕ್ರವ್ವ ನನಗ ಇದರ ಮಕಾ ತೋರಸಂಗಿಲ್ಲ."

"ಕೂಸು ಸಾಕಾಕ ದೊಡ್ಡಾಕಿ ಬೇಕು. ಇನ್ನೊಂದು ಕೂಸಲ್ಲ."

"ನೀವ ಹೇಳ್ರಿ ಅವರಿಗೆ. ನಿಮ್ಮ ಮಾತು ಮೀರಂಗಿಲ್ಲ."

ಅವ್ವನವರು ಹೇಳಿದ್ದರೆ ಶಂಕ್ರವ್ವ ಅಂದಿಗೆ ಕೈಮುಗಿದು ಹೋಗುತ್ತಿದ್ದಳು, ನಿಜ. ಮುಂದಿನ ತಿಂಗಳು ಬೇರೆ ದಾರಿ ಹುಡುಕುತ್ತಿದ್ದಳು, ಹೊಳೆವ್ವನೂ ಅದಕ್ಕೆ ಜೊತೆಯಾಗುತ್ತಿದ್ದಳೋ ಏನೋ. "ನೀ ಹೂಂ ಅಂದಿದ್ದಿ, ನೀನೇ ಉಹುಂ ಅನ್ನಬೇಕು. ನಾ ನಿನ್ನ ಹಿಂದ ನಿಂತಿರ್ತೀನಿ" ಎಂದು ಅವ್ವನವರು ಗೋಡೆ ಹಿಡಿದು ಎದ್ದರು.

ಹೊಳೆವ್ವ ಮಾದೇವಿಯ ಸೀರೆಯನ್ನು ತೋಳ ಮೇಲೆ ಹಾಕಿಕೊಂಡೇ ಹೊರಗೆ ಬಂದಳು. ಬಿಸಿಲು ಏರಿತ್ತು. ಶಂಕ್ರವ್ವ ಎದ್ದು ಸೆರಗು ಕೊಡವಿದಳು.

"ಆತೇನು? ಎಲ್ಲಿ ಕೌದಿ?"

"ಕೌದಿ ಇಲ್ಲ. ಮದುವಿ ಇಲ್ಲ."

"ಏನಂದಿ?"

"ಕಸ್ತೂರಿನ್ನ ಕೊಡಂಗಿಲ್ಲ, ಶಂಕ್ರವ್ವ."

ಶಂಕ್ರವ್ವ ಒಮ್ಮೆ ಅವ್ವನವರನ್ನು, ಒಮ್ಮೆ ಹೊಳೆವ್ವನನ್ನು ನೋಡಿದಳು. ಗುರುವಿನ ಮುಂದೆ ದನಿ ತಗ್ಗಿಸಬೇಕೆಂಬ ಎಚ್ಚರ ಅವಳಿಗಿತ್ತು. ತಗ್ಗಿಸಿದ ದನಿಯೇ ಹೆಚ್ಚು ಹರಿತವಾಗಿತ್ತು. "ಮಂದಿಗೆಲ್ಲ ಹೇಳಿ ಹಂದರ ಹಾಕಸೀನಿ. ಈಗ ನನ್ನ ಮೂಗು ಕೊಯ್ದಿ. ಆತು. ಕೂಸು ಇತ್ತ ಕೊಡಸು. ಇದರ ದನಿ ಇನ್ನ ನಿನ್ನ ಕಿವಿಗೆ ಬೀಳಂಗಿಲ್ಲ, ತಿಳಕೋ."

ಅವಳೇ ಮುಂದೆ ಬಂದು ಕಸ್ತೂರಿಯ ಸೊಂಟದಿಂದ ಕೂಸನ್ನು ಎಳೆದಳು. ಕೂಸು ಚಿಕ್ಕವ್ವನ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಬಿಡಲಿಲ್ಲ. ಎಳೆದಷ್ಟೂ ಕಿರುಚಿತು. ಹೊಳೆವ್ವ ಒಂದು ಹೆಜ್ಜೆ ಮುಂದಿಟ್ಟಳು. ಆ ಹೆಜ್ಜೆಯಲ್ಲಿ ಎಲ್ಲವೂ ಮತ್ತೆ ತಿರುಗಿಬೀಳಬಹುದಿತ್ತು. 'ಆಗಲಿ, ಕರಕೊಂಡು ಹೋಗು, ಕೂಸು ಅಳಸಬ್ಯಾಡ' ಎಂಬ ಮಾತು ತನ್ನ ನಾಲಿಗೆಯ ತುದಿಯವರೆಗೆ ಬಂದಿತ್ತೆಂದು ಆಕೆಯೇ ಒಪ್ಪುತ್ತಾಳೆ. ಹಿಂದೆ ನಿಂತ ಅವ್ವನವರು ಕೈ ಹಿಡಿಯಲಿಲ್ಲ, ಕೆಮ್ಮಲೂ ಇಲ್ಲ.

ಹೊಳೆವ್ವ ಇನ್ನೆರಡು ಹೆಜ್ಜೆ ನಡೆದು, ಕೂಸಿನ ಮುಷ್ಟಿಯ ಬೆರಳುಗಳನ್ನು ತಾನೇ ಒಂದೊಂದಾಗಿ ಬಿಡಿಸಿ, ಮೊಮ್ಮಗಳ ಕೂದಲನ್ನು ಹಿಂದಕ್ಕೆ ಸರಿಸಿದಳು.

ಅಷ್ಟು ಹೊತ್ತೂ ನೆಲ ನೋಡುತ್ತಿದ್ದ ಸಂಗನಬಸು ಆಕೆಯ ತೋಳ ಮೇಲಿನ ಸೀರೆ ಕಂಡು, ಅದರ ತುದಿಯ ಗಂಟು ಕಂಡು ಬಿಳಚಿಕೊಂಡ. ಏಳನೆಯ ತಿಂಗಳಲ್ಲಿ ಹೆಂಡತಿಯನ್ನು ಈ ಅಂಗಳಕ್ಕೆ ಬೈಕಿನ ಮೇಲೆ ಕರೆತಂದವನು ಅವನೇ. "ಅವ್ವಾ, ನಡಿ ಹೋಗೂನು" ಎಂದು ತಾಯಿಯನ್ನು ಕರೆದ. ಟ್ರ್ಯಾಕ್ಟರ್ ಹೊರಟಿತು. ಅದರ ಸದ್ದಿನ ಮೇಲೆಯೂ ಕೂಸಿನ ಅಳು ಹಳ್ಳದ ತಿರುವಿನವರೆಗೆ ಕೇಳಿಸಿತು.

ಆಮೇಲೆ ನಡೆಯುವುದೆಲ್ಲ ನಡೆಯಿತು. ಗೋವಾದಿಂದ ಮಗ ಫೋನಿನಲ್ಲಿ ಬೈದ. ನೀರಿಗೆ ಹೋದಲ್ಲಿ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಸೋಮವಾರ ಕಸ್ತೂರಿ ಮದರಂಗಿಯ ಕೈಯಲ್ಲೇ ಶಾಲೆಗೆ ಹೋಗಿ ತನ್ನ ಜಾಗದಲ್ಲಿ ಕೂತಳು. ಮೇಷ್ಟ್ರು ಪುಣ್ಯಾತ್ಮರು, ಏನೂ ಕೇಳಲಿಲ್ಲ.

ಎರಡು ತಿಂಗಳಿಗೆ ಶಂಕ್ರವ್ವನ ಕಡೆಯವಳೊಬ್ಬಳು ಹೊಳೆವ್ವನ ಮನೆಗೆ ಬಂದು ಸುದ್ದಿ ಹೇಳಿದಳು. ಸಂಗನಬಸುವಿಗೆ ಮುತ್ತಲದಿನ್ನಿಯಲ್ಲಿ ಹುಡುಗಿ ಗೊತ್ತಾಗಿದೆ, ಹದಿನಾಲ್ಕು ವರ್ಷ, ಈ ಸಲ ಕೌದಿಯ ಹಂಗೇ ಬೇಡವೆಂದಿದ್ದಾರೆ. ಜೊತೆಗೆ ಒಂದು ಆಸೆಯನ್ನೂ ಹಚ್ಚಿದಳು. "ನೀ ಸುಮ್ಮನಿದ್ರ, ಕೂಸಿನ ವರ್ಷದ ಹುಟ್ಟುಹಬ್ಬಕ್ಕ ನಿನ್ನ ಕರಸ್ತಾಳಂತ. ಎತ್ತಿಕೋ ಅಂತಲೂ ಅಂದಾಳ."

ಹೊಳೆವ್ವ ಬಂದಾಕೆಗೆ ಚಹಾ ಕೊಟ್ಟು ಕಳಿಸಿದಳು. ಕೂಸಿಗೆಂದು ಹೊಲಿಸಿದ್ದ ಕುಂಚಿಗೆಯನ್ನು ಎತ್ತಿ ಮುಖಕ್ಕೆ ಒತ್ತಿಕೊಂಡಳು. ಮತ್ತೆ ಅದನ್ನು ಮಡಿಸಿಟ್ಟು, ಕದಕ್ಕೆ ಚಿಲಕ ಹಾಕಿ, ಮುತ್ತಲದಿನ್ನಿಯ ದಾರಿ ಹಿಡಿದಳು. ಅವ್ವನವರು ಹೇಳಿ ಕಳಿಸಿರಲಿಲ್ಲ. ಅವರಿಗೆ ಈ ಸುದ್ದಿಯೇ ಗೊತ್ತಿರಲಿಲ್ಲ.

ಆ ಹುಡುಗಿಯ ತಂದೆ ಜೋಳ ತೂರುತ್ತಿದ್ದ. ಮಾತು ಕೇಳಿದವನೇ ಮೊರ ಎಸೆದು ಗದರಿದ. "ನೀ ಯಾರು ನಮ್ಮ ಮನಿ ಮದುವಿ ಮುರಿಯಾಕ? ನಿನಗೇನು ಸಂಬಂಧ?"

"ಸಂಬಂಧ ಐತಿ" ಎಂದಳು ಹೊಳೆವ್ವ. "ಆ ಮನಿಗೆ ನಾನೂ ಒಬ್ಬಾಕಿನ್ನ ಕೊಟ್ಟಿದ್ದೆ. ನಗಕೋತ ಒಳಗ ಹ್ಯಾಂಗ ಕಳಸೂದು ಅಂತ ನಿನಗ ಗೊತ್ತೈತಿ. ಜೀಪಿನ್ಯಾಗ ಹಾಕಿ ಹೊರಗ ಹ್ಯಾಂಗ ತರೂದು ಅಂತ ನಿನಗ ಗೊತ್ತಿಲ್ಲ. ಕುಂತು ಕೇಳು, ಹೇಳ್ತೀನಿ."

ಅವನು ಕೂರಲಿಲ್ಲ. ಅವನ ಹೆಂಡತಿ ಕೂತಳು. ಹೊಳೆವ್ವ ರಕ್ತದ ಮಾತು, ಜೀಪಿನ ಮಾತು, ತಿರುಗಿ ಬಂದ ಟ್ರಂಕಿನ ಮಾತು ಒಂದೂ ಬಿಡದೆ ಹೇಳಿದಳು. ಕಥೆ ಮುಗಿಯುವ ಹೊತ್ತಿಗೆ ಆ ಮನೆಯ ಹುಡುಗಿ ಕಂಬದ ಹಿಂದಿನಿಂದ ಬಂದು ತಾಯಿಯ ಮಗ್ಗುಲಲ್ಲಿ ಕೂತಿದ್ದಳು. ಆ ಮದುವೆಯೂ ನಿಂತಿತು.

ಕೂಸು ಹೊಳೆವ್ವನಿಗೆ ಸಿಕ್ಕಿತೇ? ಹುಟ್ಟುಹಬ್ಬಕ್ಕೆ ಕರೆ ಬರಲಿಲ್ಲ. ಮೂರು ವರ್ಷ ಆಕೆ ಅದರ ಮುಖ ನೋಡಲಿಲ್ಲ. ಮುಂದೆ ಸಂಗನಬಸು ಇಪ್ಪತ್ತಾರು ವರ್ಷದ ಒಬ್ಬ ವಿಧವೆಯನ್ನು ಮದುವೆಯಾಗಿ, ಮಗನನ್ನು ತಾನೇ ಕೈಹಿಡಿದು ಕರೆತಂದ. ಹುಡುಗ ಅಜ್ಜಿಯನ್ನು ಗುರುತಿಸದೆ ಆ ಹೊಸ ತಾಯಿಯ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಅದನ್ನು ನೋಡಿ ಹೊಳೆವ್ವ ಅತ್ತದ್ದು ದುಃಖಕ್ಕಲ್ಲ.

ಅದು ಮುಂದಿನ ಮಾತಾಯಿತು. ಮುತ್ತಲದಿನ್ನಿಯಿಂದ ಹೊರಟ ದಿನ ಆಕೆ ಮನೆಗೆ ಹೋಗದೆ ನೇರ ಮಠಕ್ಕೆ ಬಂದಳು. ಕಾಲ ತುಂಬ ಧೂಳು. ಅವ್ವನವರು ಹೊಲಿಯುತ್ತ ಕೂತಿದ್ದರು. ನಡೆದದ್ದನ್ನೆಲ್ಲ ಕೇಳಿಸಿಕೊಂಡ ಮೇಲೆ ಅವರು ಹೊಗಳಲಿಲ್ಲ, ಆಶೀರ್ವಾದ ಮಾಡಲಿಲ್ಲ. ಚಾಪೆಯ ಮೇಲೆ ತುಸು ಆಚೆ ಸರಿದು ಮಗ್ಗುಲಲ್ಲಿ ಜಾಗ ಮಾಡಿಕೊಟ್ಟರು.

ಹೊಳೆವ್ವ ಅಲ್ಲಿ ಕೂತಳು. ಅಂದಿನಿಂದ ಮಠಕ್ಕೆ ಬಂದ ಸೀರೆಗಳನ್ನು ಬಿಡಿಸಿ ನೋಡುವ ಸೇವೆ ಆಕೆಯದಾಯಿತು. ಎರಡು ಸಲ ಮೋಸ ಮಾಡಲು ಹೋದವಳ ಕಣ್ಣು ತಪ್ಪಿಸಿ ಒಳಗೆ ಹೋಗುವ ಸೀರೆಯನ್ನು ಆ ಸೀಮೆಯಲ್ಲಿ ಇನ್ನೂ ಯಾರೂ ನೇಯ್ದಿಲ್ಲ.